ನಾಲ್ಕನೆಯ ಬಲೆ

ಯಾರದೋ ಮನೆಯಲ್ಲಿ ಪೊಲೆಂಟಾ ತಳ ಹಿಡಿದಿದೆ, ಮೆಕ್ಕೆಜೋಳದ ಹಿಟ್ಟು ಸೀದ ವಾಸನೆ ಓಣಿಯ ತುಂಬ, ಹೊತ್ತು ಇನ್ನೂ ಹತ್ತಾಗಿಲ್ಲ, ಇಷ್ಟು ಬೇಗ ಒಲೆಯ ಮೇಲೆ ತಪ್ಪಲೆ ಇಟ್ಟು ಅದನ್ನು ಮರೆತು ಕಿಟಕಿಗೆ ಬಂದು ನಿಲ್ಲುವವಳು ಸೆನ್ಸಾನೊದಲ್ಲಿ ಒಬ್ಬಳೇ, ಡೆಲ್ಫೀನಾ ಚಿಕ್ಕಮ್ಮ, ಎಂಬತ್ತಮೂರು ತುಂಬಿದರೂ ಕಣ್ಣು ಬೀದಿ ಬಿಟ್ಟು ಒಲೆಯ ಕಡೆ ಹೊರಳುವುದಿಲ್ಲ — ಎಷ್ಟನೆಯ ಮೆಟ್ಟಿಲು ಇದು, ಹನ್ನೊಂದಾ ಹನ್ನೆರಡಾ, ಎಣಿಕೆ ತಪ್ಪಿತು, ಓರ್ನೆಲ್ಲಾ ಮತ್ತೆ ಕೆಳಗಿಳಿದು ಓಣಿಯ ಬುಡದಿಂದ ಹತ್ತಲು ಶುರುಮಾಡಿದಳು. ಅವಳು ಹುಡುಕುತ್ತಿರುವುದು ಒಂದು ಆಕ್ರೋಟಿನ ಮರ. ಅದನ್ನು ಕಡಿದು ನಲವತ್ತು ವರ್ಷವಾಯಿತು, ಎಂಬತ್ತೈದನೆಯ ಇಸವಿಯ ಹಿಮದ ಚಳಿಗೆ ಬುಡ ಸಮೇತ ಸುಟ್ಟುಹೋಗಿತ್ತು, ಸೌದೆ ಮಾಡಿ ಊರೆಲ್ಲ ಹಂಚಿಕೊಂಡರು, ಇಲ್ಲದ ಮರವನ್ನು ಐವತ್ತಮೂರರ ಹೆಂಗಸು ಬೆಳಗಿನಿಂದ ಹುಡುಕುತ್ತಿದ್ದಾಳೆ ಅಂದರೆ ಊರು ನಗುತ್ತದೆ, ನಗಲಿ, ನಗುವವರ ಬಲೆಯೆಲ್ಲ ದಡದ ಮೇಲೆ ಒಣಗುತ್ತಿದೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಕೊರೆಗೋನೆ ಮೀನಿನ ಹಂಗಾಮು ಮುಗಿಯುತ್ತದೆ, ಸರೋವರದ ಕಾವಲಿನ ತ್ಸಾನೆಲ್ಲಿ ದೋಣಿಕಟ್ಟೆಗೆ ಬಂದು ಒಬ್ಬೊಬ್ಬರ ಬಲೆಯ ಸೀಸದ ಮುದ್ರೆ ಮುಟ್ಟಿ ನೋಡುತ್ತಾನೆ. ಅಪ್ಪನ ಹೆಸರಿನಲ್ಲಿ ನಾಲ್ಕು ಬಲೆ. ಮೂರು ಉಗ್ರಾಣದಲ್ಲಿವೆ, ನಾಲ್ಕನೆಯದು ನೀರಿನಲ್ಲಿದೆ, ನೀರಿನಲ್ಲಿ ಎಲ್ಲಿ ಅನ್ನುವುದು ಅಪ್ಪನೊಬ್ಬನಿಗೇ ಗೊತ್ತು, ಅಪ್ಪನಿಗೆ ಬಾಯಿ ಬಿದ್ದುಹೋಗಿದೆ. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಆ ಬಲೆ ಬಿಟ್ಟು ಬಂದವನು ದೋಣಿ ಕಟ್ಟುವಾಗ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಸಿದ, ಲಕ್ವ ಅಂದರು, ಆಚೆ ದಡದ ಆಸ್ಪತ್ರೆಗೆ ದೋಣಿಯಲ್ಲಿ ಮಲಗಿಸಿಕೊಂಡು ಹೋದರು, ಹಗ್ಗ ಬಿಡಿಸಲು ಇಬ್ಬರು ಬೇಕಾಯಿತು. ತ್ಸಾನೆಲ್ಲಿ ಕೆಟ್ಟವನಲ್ಲ, ನಿನ್ನೆ ಟೋಪಿ ತೆಗೆದು ಮಾತಾಡಿಸಿದ, ಫೌಸ್ತಿನೊ ಹಾಸಿಗೆ ಹಿಡಿದಿದಾನೆ ಅಂತ ನಂಗೊತ್ತಿಲ್ವಾ ಓರ್ನೆಲ್ಲಾ, ನಾನೇನು ಕಲ್ಲಲ್ಲ, ಆದ್ರೆ ನಿಷೇಧದ ದಿನ ನೀರಲ್ಲಿ ಬಲೆ ಉಳೀತು ಅಂತ ನಾನು ಬರೀಲೇಬೇಕಾಗುತ್ತೆ, ಬರೆದ್ರೆ ಪರವಾನಗಿ ಹೋಯ್ತು, ನಿನ್ ಹೆಸರಿಗೆ ಮಾಡ್ಸೋ ಮಾತು ಹಾಗಿರ್ಲಿ, ಅವನ ಹೆಸರೇ ಉಳಿಯಲ್ಲ. ಅವಳಿಗೆ ಆ ಪರವಾನಗಿ ಬೇಕು, ನಾಚಿಕೆ ಬಿಟ್ಟು ಹೇಳುವುದಾದರೆ ಬೇರೆ ಯಾವುದೂ ಅಷ್ಟು ಬೇಕಾಗಿರಲಿಲ್ಲ, ಮದುವೆ ಕೂಡ. ಒಂಬತ್ತನೆಯ ವರ್ಷದಿಂದ ಬಲೆ ಹೆಣೆಯುತ್ತಿದ್ದಾಳೆ, ಆ ನಾಲ್ಕನೆಯ ಬಲೆಯ ಒಂದೊಂದು ಗಂಟೂ ಅವಳ ಬೆರಳಿನದು, ಯಾವ ಗಂಟು ಹಾಕುವಾಗ ರೇಡಿಯೊದಲ್ಲಿ ಏನು ಬರುತ್ತಿತ್ತು ಅಂತ ಬೇಕಾದರೆ ಹೇಳಿಯಾಳು, ಅದು ಸರೋವರದಲ್ಲಿ ಎಲ್ಲಿ ಇಳಿಯುತ್ತದೆ ಅನ್ನುವುದನ್ನು ಮಾತ್ರ ಅವಳಿಗೆ ಯಾರೂ ಹೇಳಲಿಲ್ಲ.

ಗುರುತು ಗಂಡಸರದು ಕಣೇ, ಅಪ್ಪ ಅನ್ನುತ್ತಿದ್ದ, ಹೆಂಗಸರ ಬಾಯಿಗೆ ಬಿದ್ರೆ ಬಾವಿಕಟ್ಟೆಗೆ ಬಿದ್ದ ಹಾಗೆ, ಸಂಜೆ ಹೊತ್ತಿಗೆ ಊರಿನ ದೋಣಿಯೆಲ್ಲ ಅಲ್ಲೇ ಇರುತ್ತೆ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ, ಉಪ್ಪು ತೀರಿದೆ ಅಂತ ಹೇಳುವವನ ಹಾಗೆ ಹೇಳುತ್ತಿದ್ದ, ಅದಕ್ಕೇ ಹೆಚ್ಚು ಉರಿಯುತ್ತಿತ್ತು. ಗುರುತು ಅಂದರೆ ದೊಡ್ಡ ಮಂತ್ರವಲ್ಲ, ದಡದ ಮೇಲಿನ ಎರಡು ವಸ್ತು ಒಂದರ ಹಿಂದೊಂದು ಬಂದು ನಿಂತರೆ ಒಂದು ಗೆರೆ, ಇನ್ನೆರಡು ನಿಂತರೆ ಇನ್ನೊಂದು ಗೆರೆ, ಎರಡು ಗೆರೆ ಕೂಡಿದ ಕಡೆ ಬಲೆ, ತೇಲುಬುರುಡೆಗಳನ್ನು ಎರಡು ಮಾರು ನೀರೊಳಗೆ ಮುಳುಗಿಸಿ ಕಟ್ಟಿರುತ್ತಾನೆ, ಕಳ್ಳರ ಕಣ್ಣಿಗೆ ಬೀಳಬಾರದು, ಸ್ನೇಹಿತರ ಕಣ್ಣಿಗಂತೂ ಬೀಳಲೇಬಾರದು. ಅವಳ ತಮ್ಮ ಇವಾನೊನಿಗೆ ಹೇಳಿಕೊಟ್ಟಿದ್ದ. ಅವನಿಗೆ ನೀರು ಕಂಡರೆ ವಾಕರಿಕೆ, ಎರಡು ವರ್ಷ ದೋಣಿಯ ಅಂಚಿಗೆ ಬಗ್ಗಿ ಬಗ್ಗಿ ಸಾಕಾಗಿ ರಬ್ಬರ್ ಕಾರ್ಖಾನೆ ಸೇರಿದ, ನಿನ್ನೆ ಫೋನಿನಲ್ಲಿ ಅವನ ಹಿಂದೆ ಯಂತ್ರಗಳ ಸದ್ದು, ಆಕ್ರೋಟಿನ ಮರ ಗಂಟೆ ಗೋಪುರಕ್ಕೆ ಅಂಟ್ಕೋಬೇಕು, ಅಷ್ಟೇ ಓರ್ನೆ, ಇನ್ನೊಂದು ಏನೋ ಇತ್ತು, ಕಲ್ಲುಗಂಬಾನೋ ಏನೋ, ನಾನು ಆಗ ವಾಂತಿ ಮಾಡ್ತಿದ್ದೆ. ಯಾವ ಮರವೋ, ಅದನ್ನ ಕಡಿದಾಗ ನೀನು ತೊಟ್ಟಿಲಲ್ಲಿದ್ದೆ, ಅಂದಳು ಇವಳು. ಹ್ಞೂಂ, ಅಪ್ಪ ಅದೇ ಮರ ಅಂತಿದ್ದ, ನಂಗೆ ಯಾವತ್ತೂ ಕಾಣ್ಲಿಲ್ಲ, ಕಾಣ್ತು ಅಂತ ಸುಳ್ಳು ಹೇಳಿದ್ದೆ, ಅಂದ. ಇವರೆಲ್ಲ ಹೀಗೇ, ಈ ಊರಿನ ಮುದುಕರು, ಬಿದ್ದುಹೋದ ಹೊಗೆಗೂಡು, ಅಳಿಸಿಹೋದ ಮೇರಿಯ ಚಿತ್ರ, ಸುಟ್ಟುಹೋದ ಮರ, ಇವನ್ನು ಹಿಡಿದೇ ಇವತ್ತಿಗೂ ನೀರಿನಲ್ಲಿ ದಾರಿ ಕಾಣುತ್ತಾರೆ, ಹೊಸ ಗುರುತು ಹಿಡಿಯಿರಿ ಅಂದರೆ ಅವಮಾನ. ಕಾಫಿ ಅಂಗಡಿಯ ಚೆಸಾರೀನೊನನ್ನು ಕೇಳಿದಳು, ಬಟ್ಟೆ ಒಗೆಯೋ ತೊಟ್ಟಿ ಹಿಂದೆ ಇತ್ತಲ್ಲ ಅಂದ, ಒಳಗಿನಿಂದ ಅವನ ತಾಯಿ, ಏನು ತೊಟ್ಟಿ, ಪಾದ್ರಿ ಮನೆ ಮುಂದೆ ಇದ್ದದ್ದು, ನಿಂಗೇನು ಗೊತ್ತು ನೀನು ಆಗ ಚಡ್ಡೀಲೇ ಮಾಡ್ಕೊಳ್ತಿದ್ದೆ, ತಾಯಿ ಮಗ ಅಲ್ಲಿಂದ ಬೇರೆ ಜಗಳಕ್ಕೆ ಹೋದರು, ಅವಳು ಕಾಫಿ ಕುಡಿದು ಎದ್ದಳು.

ಪಾದ್ರಿ ಮನೆಯ ಮುಂದೆ ಅಲ್ಲ, ಅಲ್ಲಿಂದ ಓಡಿಬಂದರೆ ಬಲಕ್ಕೆ ತಿರುಗಿ ಮೆಟ್ಟಿಲು, ಮೆಟ್ಟಿಲಿನ ಅಂಚಿನಲ್ಲಿ ಮರ, ಅದರ ಹಸಿರು ಸಿಪ್ಪೆ ಸುಲಿದು ಸುಲಿದು ಎಂಟನೆಯ ವರ್ಷದ ಮೊದಲ ಪರಮಪ್ರಸಾದದ ಹಿಂದಿನ ದಿನ ಕೈಯೆರಡೂ ಕಪ್ಪಾಗಿ, ಅಮ್ಮ ನಿಂಬೆಹಣ್ಣು ಹಾಕಿ ಉಜ್ಜಿದಳು, ಬೂದಿ ಹಾಕಿ ಉಜ್ಜಿದಳು, ಕೊನೆಗೆ ಕಪಾಳಕ್ಕೆ ಒಂದು ಕೊಟ್ಟು ಬಿಳಿ ಕೈಗವಸು ತೊಡಿಸಿದಳು, ಅಪ್ಪ ಮಾತ್ರ ಆ ಕೈ ಹಿಡಿದು ತಿರುಗಿಸಿ ನೋಡಿ, ಬಲೆಗೆ ಬಣ್ಣ ಹಾಕೋಕೆ ಒಳ್ಳೇದು ಕಣೇ ಇದು, ಮೀನಿಗೆ ಕಾಣಲ್ಲ, ಅಂದಿದ್ದ. ಅಪ್ಪನ ಕೈ. ಈಗ ಬಲಗೈ ಸತ್ತಿದೆ, ಎಡಗೈ ಬಿಳಿ ಹೊದಿಕೆಯ ಮೇಲಿರುತ್ತದೆ, ಇವಳು ಹೋಗಿ ಕುರ್ಚಿ ಎಳೆದುಕೊಂಡು ಕೂತ ಕೂಡಲೇ ಆ ಕೈ ಏಳುತ್ತದೆ, ಹೆಬ್ಬೆರಳು ಕೆಳಗೆ, ಅಂಗೈ ನಿಧಾನವಾಗಿ ಹೊರಕ್ಕೆ ತಿರುಗುತ್ತದೆ, ಅರ್ಧಕ್ಕೆ ಬಂದು ನಿಲ್ಲುತ್ತದೆ. ಹೋಗು, ಅನ್ನುತ್ತದೆ ಆ ಕೈ. ನರ್ಸು, ನೀರು ಕೇಳ್ತಿರ್ಬಹುದು ಅಂದಳು, ನೀರು ಕೊಟ್ಟರೆ ಬಾಯಿ ಮುಚ್ಚಿದ, ಮತ್ತೆ ಅದೇ, ಹೋಗು, ಕಣ್ಣು ಬೇರೆ ನೆಟ್ಟಗೆ ಇವಳ ಮೇಲೇ. ಇವಾನೊ ಭಾನುವಾರವಿಡೀ ಪಕ್ಕದಲ್ಲಿ ಕೂತಿದ್ದ, ನನ್ ಮುಂದೆ ಕೈ ಎತ್ತಲೇ ಇಲ್ವಲ್ಲ, ಸುಮ್ನೆ ಮಲಗಿದ್ದ ಪಾಪ, ಅಂದ. ಅಂದರೆ ಮಗ ಕೂರಬಹುದು. ಸರಿ ಅಪ್ಪ, ಅನ್ನುತ್ತಾಳೆ ಅವಳು, ಚೀಲ ತೆಗೆದುಕೊಂಡು ಹೊರಗಿನ ಬೆಂಚಿಗೆ ಹೋಗಿ ಕೂರುತ್ತಾಳೆ, ಅಲ್ಲಿ ಅತ್ತದ್ದೂ ಉಂಟು, ಲಕ್ವ ಹೊಡೆದು ಎಲ್ಲ ಮಾತೂ ಹೋಗಿ ಆ ಒಂದು ಮಾತನ್ನು ಮಾತ್ರ ಉಳಿಸಿಕೊಂಡನಲ್ಲ ಅಂತ.

ಹನ್ನೊಂದು, ಹನ್ನೆರಡು, ಹದಿಮೂರು — ಪಾದ ಎಡಕ್ಕೆ ವಾಲಿತು. ಕಣ್ಣಿಗೆ ಮೊದಲು ಗೊತ್ತಾಗಲಿಲ್ಲ, ಪಾದಕ್ಕೆ ಗೊತ್ತಾಯಿತು, ಈ ಮೆಟ್ಟಿಲು ಎಡಗಡೆ ಎರಡು ಬೆರಳು ಎದ್ದಿದೆ, ಕೆಳಗಿನಿಂದ ಬೇರು ಎತ್ತಿದ್ದು, ಚಿಕ್ಕವಳಿದ್ದಾಗ ಓಡಿಬಂದು ಇದೇ ಕಲ್ಲಿಗೆ ಮುಗ್ಗರಿಸಿ ಹಲ್ಲು ಮುರಿದುಕೊಂಡಿದ್ದಳು, ನಾಲಗೆ ತಾನಾಗಿಯೇ ಹೋಗಿ ಆ ಹಲ್ಲಿನ ಮೊಂಡು ತುದಿ ಮುಟ್ಟಿತು. ಇಲ್ಲಿ. ಈಗ ಇಲ್ಲಿ ಮಿಲಾನಿನವರ ಮನೆಯ ಜಗಲಿ, ಕಬ್ಬಿಣದ ಕಂಬಿ, ಬೇಸಿಗೆಗೆ ಬರುತ್ತಾರೆ, ಹೂಕುಂಡಕ್ಕೆ ಹೊದಿಕೆ ಹಾಕಿ ಬೀಗ ಜಡಿದು ಹೋಗುತ್ತಾರೆ. ತಲೆಯೆತ್ತಿ ನೋಡಿದರೆ ಬೆನ್ನ ಹಿಂದೆ ಮೇಲುಗಡೆ ಗಂಟೆ ಗೋಪುರ, ಮುಂದೆ ಎರಡು ಮಾಡುಗಳ ನಡುವೆ ಸೀಳಿನಷ್ಟು ನೀರು, ಹೌದು, ಇದೇ. ಓಣಿಯ ಕೆಳಗಿನಿಂದ ಬಂದ ಪರದೇಶದ ಗಂಡಹೆಂಡಿರು ನಿಂತರು, ಚಳಿಗಾಲದಲ್ಲೂ ಬಿಡುವುದಿಲ್ಲ ಇವರು, ಇವಳು ಏನನ್ನು ಇಷ್ಟು ಹೊತ್ತು ನೋಡುತ್ತಿದ್ದಾಳೆ ಅಂತ ಅವರೂ ನೋಡಿದರು, ಏನೂ ಕಾಣದಿದ್ದರೂ ಆ ಏನೂ ಇಲ್ಲದ್ದನ್ನು ಗಂಡ ಎರಡು ಫೋಟೊ ತೆಗೆದುಕೊಂಡ, ಹೆಂಡತಿ ಕೃತಜ್ಞತೆಯಿಂದ ನಕ್ಕಳು. ಓರ್ನೆಲ್ಲಾ ಕಂಕುಳಲ್ಲಿ ಇಟ್ಟುಕೊಂಡಿದ್ದ ಅಪ್ಪನ ಹಳದಿ ರಬ್ಬರ್ ಮೇಲಂಗಿಯನ್ನು ಬಿಡಿಸಿದಳು, ಮೀನಿನ ಹುರುಪೆ ಇನ್ನೂ ಅಂಟಿತ್ತು, ತೋಳೆರಡನ್ನೂ ಕಂಬಿಗೆ ಬಿಗಿದು ಕಟ್ಟಿದಳು, ನೀರಿನ ಮೇಲಿನಿಂದ ಕಾಣಬೇಕು, ಅಪ್ಪನಿಗಾದರೆ ಮರ ತಲೆಯಲ್ಲಿತ್ತು, ಅವಳಿಗೆ ಅಂಗಿ ಬೇಕು.

ಯಾರ ಮನೆ ಕಂಬಿಗೆ ಏನ್ ಕಟ್ತಿದೀಯೇ, ಫೌಸ್ತಿನೊ ಮಗಳು ಮೀನು ಬಿಟ್ಟು ಗುಬ್ಬಿ ಹಿಡಿಯೋಕೆ ಶುರುಮಾಡಿದ್ಲಾ, ಅಂತ ಕೆಳಗಿನಿಂದ ಡೆಲ್ಫೀನಾ ಚಿಕ್ಕಮ್ಮನ ದನಿ, ಸೀದ ಪೊಲೆಂಟಾದ ತಪ್ಪಲೆ ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು, ಕೋಳಿಗೆ ಹಾಕುವುದಕ್ಕೆ. ಓರ್ನೆಲ್ಲಾ ಇಳಿದುಬಂದಳು. ಬಲೆ ಚಿಕ್ಕಮ್ಮ, ಒಂದು ಬಲೆ ಇನ್ನೂ ನೀರಲ್ಲಿದೆ, ನಾಳೆ ಮಧ್ಯಾಹ್ನದ ಒಳಗೆ ಎತ್ಬೇಕು, ಮರ ಗೋಪುರ ಸೇರಿ ಒಂದು ಗೆರೆ ಸಿಕ್ತು, ಇನ್ನೊಂದು ಗೊತ್ತಿಲ್ಲ, ಗೆರೆ ಉದ್ದಕ್ಕೂ ಪಾತಾಳಗರಡಿ ಹಾಕಿ ಎಳ್ಕೊಂಡು ಹೋಗ್ತೀನಿ, ಆಚೆ ದಡದವರೆಗೆ ಆದ್ರೂ ಸರಿ. ಮುದುಕಿ ತಪ್ಪಲೆ ಕೆಳಗಿಟ್ಟಳು. ಬಲೆ ಹೊರಗಿದೆಯಾ, ನಾನು ಅವತ್ತೇ ಮುಚ್ಚಿಬಿಟ್ಟೆನಲ್ಲೇ, ಅವನನ್ನ ದೋಣೀಲಿ ಮಲಗಿಸ್ಕೊಂಡು ಹೋದ್ರಲ್ಲ ಆಗ್ಲೇ, ಇನ್ಯಾರಿಗೆ ತೆರೆದಿಡ್ಲಿ ಅಂತ. ಏನು ಮುಚ್ಚಿದ್ರಿ. ಕಿಟಕಿ ಕಣೇ, ಮೇಲಿಂದು, ಎಡಗಡೆ ಕದ. ಮೂವತ್ತೊಂದು ಚಳಿಗಾಲ, ಎಡಗದ ಅರ್ಧ ತೆರೆದು ಬಲಗದ ಮುಚ್ಚಿ, ಚಿಲಕಕ್ಕೆ ದಾರ ಕಟ್ಟಿ, ನೀನೇನು ತಿಳ್ಕೊಂಡಿದ್ದೆ, ಮುದುಕಿ ಶುದ್ಧ ಗಾಳಿ ಕುಡೀತಾಳೆ ಅಂತಾನಾ. ನಮ್ಮೆಜಮಾನ್ರು ಹೋದ ವರ್ಷ ನಿಮ್ಮಪ್ಪ ಬಂದು ಟೋಪಿ ತಿರುಗಿಸ್ತಾ ನಿಂತ, ಡೆಲ್ಫೀನಾ ನಿನ್ ಕಿಟಕಿ ಬೇಕು ಅಂದ, ನಾನು ಇನ್ನೇನೋ ಅಂದ್ಕೊಂಡೆ, ಆಗ ನೋಡೋಕೂ ಚೆನ್ನಾಗಿದ್ದೆ, ಅವನು ಮೀನಿನ ಮಾತಾಡಿದ. ದೋಣಿಕಟ್ಟೆ ತುದೀಲಿ ಕಲ್ಲುಗಂಬ ಇದೆಯಲ್ಲ, ನೀರಿಂದ ನೋಡಿದ್ರೆ ಈ ಕದದ ಸಂದು ಅದರ ತಲೆ ಮೇಲೆ ಕಪ್ಪು ಟೋಪಿ ಇಟ್ಟ ಹಾಗೆ ಕಾಣ್ಬೇಕಂತೆ. ಅಮ್ಮನಿಗೆ, ಓರ್ನೆಲ್ಲಾ ಶುರುಮಾಡಿದಳು. ನಿಮ್ಮಮ್ಮನಾ, ಯಾರೋ ಚಾಡಿ ಹೇಳಿ ಮೂರು ವರ್ಷ ನನ್ ಜೊತೆ ಮಾತು ಬಿಟ್ಟಿದ್ಲು, ಇಗರ್ಜೀಲಿ ನನ್ ಪಕ್ಕದ ಬೆಂಚಲ್ಲೂ ಕೂರ್ತಿರ್ಲಿಲ್ಲ, ಆಮೇಲೆ ಒಂದಿನ ತಾನೇ ದೋಣಿ ತಗೊಂಡು ಹೋಗಿ ನೋಡ್ಕೊಂಡು ಬಂದ್ಲು, ಬಂದವಳೇ ಒಂದು ಬುಟ್ಟಿ ಮೊಟ್ಟೆ ಕೊಟ್ಟು ಹೋದ್ಲು. ಅಂದರೆ ಅಮ್ಮನಿಗೂ ಗೊತ್ತಿತ್ತು. ಒಂದೇ ಬೆಂಚಿನ ಮೇಲೆ ಕೂತು ಅಮ್ಮನೂ ಅವಳೂ ಇಪ್ಪತ್ತು ವರ್ಷ ಬಲೆ ಹೆಣೆದರು, ಮೀನು, ಮದುವೆ, ಮುಟ್ಟು, ಅಮ್ಮನ ಎದೆಯ ಗಂಟು, ಎಲ್ಲ ಮಾತೂ ಬಂತು, ಇದೊಂದು ಬರಲಿಲ್ಲ, ಒಂದು ಅರೆತೆರೆದ ಕಿಟಕಿಯನ್ನು ಗುಟ್ಟಾಗಿ ಇಟ್ಟುಕೊಂಡೇ ಸತ್ತಳು, ಊರು ಅಂದರೆ ಊರು ಇದು. ಹೋಗು ಹೋಗು, ಓರಾ ಗಾಳಿ ಏಳೋ ಮೊದಲು ಹೋಗು, ನಾನು ಮೇಲೆ ಹತ್ತೋಕೆ ಹೊತ್ತಾಗುತ್ತೆ, ನೀನು ಅಲ್ಲಿ ನಿಂತಿರು, ತೆರೀತೀನಿ.

ದೋಣಿ ಅವಳ ಕೈಗೆ ಹೊಸದಲ್ಲ, ನಿಂತು ಹುಟ್ಟು ಹಾಕುವುದು ಈ ನಡುಗಡ್ಡೆಯಲ್ಲಿ ನಡೆಯುವುದರ ಜೊತೆಗೇ ಬರುತ್ತದೆ, ಆದರೆ ಬಲೆ ಇರುವ ನೀರಿಗೆ ಹೋದವಳಲ್ಲ, ಸಂತೆಗೆ, ಹೆರಿಗೆಗೆ, ಆಚೆ ದಡಕ್ಕೆ, ಅಷ್ಟೆ. ಪಾತಾಳಗರಡಿ ಕಾಲ ಬಳಿ, ಹಗ್ಗ ಸುರುಳಿ ಸುತ್ತಿ ಇಟ್ಟಿದ್ದಾಳೆ, ಎರಡು ಬುಟ್ಟಿ, ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ, ನಾಲ್ಕು ದಿನದ ಸತ್ತ ಮೀನು ಬರುತ್ತದೆ ಬಲೆಯ ತುಂಬ, ಹೂಳಬೇಕು, ಬಲೆ ಮೂರು ನೀರಿನಲ್ಲಿ ತೊಳೆಯಬೇಕು, ಇವತ್ತೇ ಹರಡಿದರೆ ನಾಳೆಗೆ ಅರೆಒಣಗು, ಸಾಕು, ತ್ಸಾನೆಲ್ಲಿ ಮುದ್ರೆ ಮುಟ್ಟಿದರೆ ಸಾಕು, ನಾಲ್ಕು ಗಂಟೆಗೆ ಆಸ್ಪತ್ರೆ, ಬಲೆ ಎತ್ತಿದೆ ಅಪ್ಪ ಅಂತ ಹೇಳಬೇಕು, ಹೇಳಿ ಅವನು ಕೈ ಎತ್ತುವ ಮೊದಲೇ ಎದ್ದು ಬರಬೇಕು, ಈ ಸಲ ಅವನಿಂದ ಹೇಳಿಸಿಕೊಳ್ಳುವುದು ಬೇಡ. ತಿರುಗಿ ನಿಂತು ಊರನ್ನು ನೋಡಿದಳು. ಹಳದಿ ಚುಕ್ಕೆ ಗೋಪುರದ ಬಲಕ್ಕೆ ಇದೆ, ಇನ್ನೂ ನಾಲ್ಕು ಹುಟ್ಟು, ಮತ್ತೆ ಎರಡು, ಅಂಗಿ ಹೋಗಿ ಗೋಪುರಕ್ಕೆ ಅಂಟಿಕೊಂಡಿತು, ಸಿಕ್ಕಿತು ಗೆರೆ, ಅದನ್ನು ಬಿಡದೆ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಇಲ್ಲಿಂದ ಅವಳ ಊರು ಯಾರದೋ ಊರಿನ ಹಾಗೆ, ಪೋಸ್ಟ್‌ಕಾರ್ಡಿನವರು ತೆಗೆಯುವ ಊರು, ನೀರಿನ ಅಂಚಿಗೆ ಸಾಲು ಮನೆ, ಕಾವಿ, ಹಳದಿ, ಮಾಸಿದ ಗುಲಾಬಿ, ಹದಿನೇಳು ಮೇಲ್ಕಿಟಕಿ, ಎಲ್ಲಕ್ಕೂ ಒಂದೇ ಹಸಿರು ಬಣ್ಣದ ಕದ, ಬೇರೆ ಬಣ್ಣ ಹೊಡೆದರೆ ಪಂಚಾಯತಿಯಿಂದ ನೋಟಿಸು ಬರುತ್ತದೆ, ಎಲ್ಲವೂ ಮುಚ್ಚಿವೆ, ಚಳಿಗೆ ಮುಚ್ಚಿದವು ನಾಲ್ಕೈದು, ಜನವೇ ಇಲ್ಲದೆ ಮುಚ್ಚಿದವು ಉಳಿದವು. ಇದರಲ್ಲಿ ಡೆಲ್ಫೀನಾ ಚಿಕ್ಕಮ್ಮನದು ಯಾವುದು ಅಂತ ಹುಟ್ಟಿದ ಊರಿನವಳಿಗೇ ಹೇಳಲು ಬರಲಿಲ್ಲ, ಎಡದಿಂದ ಆರನೆಯದಾ, ಏಳನೆಯದಾ. ಕಲ್ಲುಗಂಬ ಬರಿದಲೆಯಲ್ಲಿ ನಿಂತಿತ್ತು. ಮುದುಕಿಗೆ ಮೊಣಕಾಲು ನೋವು, ಹದಿನೆಂಟು ಮೆಟ್ಟಿಲು, ನಡುವೆ ಯಾರಾದರೂ ಕರೆದರೆ ಮಾತಿಗೆ ನಿಂತಾಳು, ಪೊಲೆಂಟಾ ಸೀದ ಹಾಗೆ ಇದೂ ಸೀದುಹೋದೀತು. ತೆಂಕಣದ ಓರಾ ಗಾಳಿ ನೀರಿನ ಮೇಲೆ ಸಣ್ಣಗೆ ಸುಕ್ಕು ಎಬ್ಬಿಸಿತು, ದೋಣಿ ಗೆರೆ ಬಿಟ್ಟಿತು, ಮತ್ತೆ ಹಿಡಿದಳು.

ಆಮೇಲೆ ಹದಿನೇಳರಲ್ಲಿ ಒಂದು ಅಲುಗಿತು. ಏಳನೆಯದು. ಎಡಗಡೆಯ ಕದ, ಮೊದಲು ಅಂಚಿನಲ್ಲಿ ಕೂದಲಿನಷ್ಟು ಕಪ್ಪು, ಒಳಗಿನವಳ ಕೈ ಇಷ್ಟು ದೂರಕ್ಕೆ ಕಾಣುವುದಿಲ್ಲ, ಕದವೊಂದೇ, ನಿಧಾನವಾಗಿ ಹೊರಕ್ಕೆ ತಿರುಗುತ್ತಿದೆ, ತಿರುಗುತ್ತಿದೆ, ಅರ್ಧಕ್ಕೆ ಬಂದು ನಿಂತಿತು. ಇನ್ನೆರಡು ಹುಟ್ಟು, ಕಲ್ಲುಗಂಬ ಸರಿದು ಬಂದು ಕಪ್ಪು ಟೋಪಿ ಇಟ್ಟುಕೊಂಡಿತು, ಅಂಗಿ ಗೋಪುರದ ಮೇಲೇ ಇದೆ, ಗರಡಿ ಬಿಟ್ಟಳು, ಹಗ್ಗ ಬೆರಳಿನ ನಡುವೆ ಒಂದು ಮಾರು, ಎರಡು, ಮೂರು, ಎಳೆದಳು, ಭಾರ, ಸಿಕ್ಕಿತು, ಮೊದಲ ಸಲಕ್ಕೇ ಸಿಕ್ಕಿತು, ಎತ್ತಬೇಕು, ಗಾಳಿ ಏಳುತ್ತಿದೆ, ಎತ್ತು — ಕೈ ಹಗ್ಗದ ಮೇಲೇ ನಿಂತುಹೋಯಿತು, ಕಣ್ಣು ಕಿಟಕಿ ಬಿಡಲಿಲ್ಲ, ತಿರುಗಿದ ರೀತಿ, ಅರ್ಧಕ್ಕೆ ನಿಂತ ರೀತಿ, ಎಲ್ಲಿ ನೋಡಿದೆ ಇದನ್ನು, ನಿನ್ನೆ ನೋಡಿದೆ, ಮೊನ್ನೆ ನೋಡಿದೆ, ಬಿಳಿ ಹೊದಿಕೆ, ಹೆಬ್ಬೆರಳು ಕೆಳಗೆ, ಹೋಗು ಅಂದನಲ್ಲ, ಹೋಗು ಅಲ್ಲ, ಕದ, ಎಡಗೈ, ಎಡಗದ, ಇವಾನೊನ ಮುಂದೆ ಎತ್ತಲೇ ಇಲ್ಲವಂತೆ, ಭಾನುವಾರವಿಡೀ ಸುಮ್ಮನೆ ಮಲಗಿದ್ದನಂತೆ, ಅವಳು ಕುರ್ಚಿ ಎಳೆದ ಕೂಡಲೇ ಎತ್ತಿದ, ಅವಳಿಗೆ, ಗಂಡಸರ ಗುರುತು ಅಂದವನು ಅವಳಿಗೆ ಹೇಳುತ್ತಿದ್ದ, ಅವಳು ಸರಿ ಅಪ್ಪ ಅಂದಳು, ಚೀಲ ತೆಗೆದುಕೊಂಡಳು, ಎದ್ದು ಹೊರಗೆ ಹೋದಳು, ಮೂರು ದಿನ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅವಳ ಬೆನ್ನ ಹಿಂದೆ ಆ ಕೈ ಎಷ್ಟು ಹೊತ್ತು ಹಾಗೇ ಎತ್ತಿಕೊಂಡಿತ್ತೋ, ಹೆಬ್ಬೆರಳು ಕೆಳಗೆ, ಅಂಗೈ ಹೊರಕ್ಕೆ ತಿರುಗುತ್ತದೆ, ಅರ್ಧಕ್ಕೆ ಬಂದು ನಿಲ್ಲುತ್ತದೆ, ಅಂಗೈ ಹೊರಕ್ಕೆ, ಅರ್ಧಕ್ಕೆ —